ಕಡಿಮೆ ಖರ್ಚಿನಲ್ಲಿ ವಿದೇಶದಲ್ಲಿ ಓದು: ನಿಮ್ಮ ಮನೆಗೆ ಯಾವ ದೇಶ ಹೊಂದುತ್ತದೆ?

ಪಿಯುಸಿ ರಿಸಲ್ಟ್ ಬಂದ ವಾರ ಒಂದು ಸಲ, ವಿಟಿಯು ಕೊನೆಯ ಸೆಮಿಸ್ಟರ್ ಮುಗಿಯುವಾಗ ಇನ್ನೊಂದು ಸಲ, ಪ್ರತಿ ವರ್ಷ ಇದೇ ಪ್ರಶ್ನೆ ಬರುತ್ತದೆ. ಮೈಸೂರಿನ ಕುವೆಂಪುನಗರದಿಂದಲೂ ಬರುತ್ತದೆ, ಮದ್ದೂರು, ಪಾಂಡವಪುರ, ಕೆ.ಆರ್. ಪೇಟೆಯಿಂದಲೂ ಬರುತ್ತದೆ: "ಓದೋಕೆ ಯಾವ ದೇಶ ಕಡಿಮೆಗೆ ಆಗುತ್ತೆ?"

ನೇರವಾಗಿ ಹೇಳಿಬಿಡುತ್ತೇನೆ. ಎಲ್ಲರಿಗೂ ಕಡಿಮೆಗೆ ಆಗುವ ದೇಶ ಅಂತ ಒಂದಿಲ್ಲ. ಫೀಸೇ ಇಲ್ಲದ ದೇಶ ಕೆಲವು ಮನೆಗಳಿಗೆ ಕೈಗೆಟುಕುವುದಿಲ್ಲ, ಯಾಕೆಂದರೆ ಅಲ್ಲಿ ವೀಸಾಕ್ಕೆ ಮುಂಚೆಯೇ ಒಂದೇ ಗಂಟಿನಲ್ಲಿ ಹನ್ನೆರಡು ಲಕ್ಷ ತೋರಿಸಬೇಕು. ಫೀಸು ಇರುವ ದೇಶ ಕೆಲವರಿಗೆ ಹೆಚ್ಚುಕಡಿಮೆ ಉಚಿತವಾಗುತ್ತದೆ, ಯಾಕೆಂದರೆ ಅಲ್ಲಿ ಫೀಸು ನಿಗದಿಯಾಗುವುದೇ ಮನೆಯ ಆದಾಯ ನೋಡಿ. ಹಾಗಾಗಿ ಮೊದಲು ಮನೆಯ ಲೆಕ್ಕ, ಆಮೇಲೆ ದೇಶ. ಈ ಲೇಖನ ಸಾಗುವುದೂ ಅದೇ ಕ್ರಮದಲ್ಲಿ.

ಲೆಕ್ಕ ಸುಲಭವಾಗಲಿ ಅಂತ ಇಲ್ಲಿ ಎಲ್ಲ ಕಡೆ ಒಂದು ಯೂರೋಗೆ 100 ರೂಪಾಯಿ ಎಂದಿಟ್ಟುಕೊಂಡಿದ್ದೇನೆ. ಬ್ಯಾಂಕಿನಲ್ಲಿ ಕಟ್ಟುವಾಗ ಇದಕ್ಕಿಂತ ಜಾಸ್ತಿಯೇ ಬೀಳುತ್ತದೆ, ಕೈಯಲ್ಲಿ ಸ್ವಲ್ಪ ಹೆಚ್ಚೇ ಇಟ್ಟುಕೊಳ್ಳಿ.

ಹಂತ 1: ಒಂದು ಹಾಳೆಯಲ್ಲಿ ಮೂರು ಸಂಖ್ಯೆ ಬರೆಯಿರಿ

ಅಪ್ಪ, ಅಮ್ಮ, ನೀವು ಒಟ್ಟಿಗೆ ಕೂತು ಬರೆಯಬೇಕು. ಮಕ್ಕಳು ಒಬ್ಬರೇ ಬರೆದ ಲೆಕ್ಕ ನಿಲ್ಲುವುದಿಲ್ಲ.

ಮೊದಲನೆಯದು, ಯಾವುದನ್ನೂ ಮಾರದೆ, ಕೈಸಾಲ ಮಾಡದೆ ಮನೆ ಹಾಕಬಹುದಾದ ಹಣ. ಎರಡನೆಯದು, ಬ್ಯಾಂಕಿನಿಂದ ಸಿಗಬಹುದಾದ ಸಾಲ. ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ: ಆ ಹಣ ಕೈಗೆ ಬರುವ ತಿಂಗಳು.

ಈ ಮೂರನೆಯದರ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ. ಮಂಡ್ಯ ಕಡೆಯ ಮನೆಗಳಲ್ಲಿ ದೊಡ್ಡ ಹಣ ಬರುವುದು ಕಬ್ಬಿನ ಬಿಲ್ ಆದಾಗ, ಇಲ್ಲವೇ ಭತ್ತ ಮಾರಿದಾಗ. ಆ ಬಿಲ್ ಯಾವ ತಿಂಗಳು ಬರುತ್ತದೆ ಅಂತ ಯಾರ ಕೈಯಲ್ಲೂ ಇಲ್ಲ. ಆದರೆ ವೀಸಾದವರು ದಿನಾಂಕ ಕೊಟ್ಟಿರುತ್ತಾರೆ. "ಬಿಲ್ ಬಂದ ಮೇಲೆ ಕಟ್ಟೋಣ" ಅಂತ ಕೂತರೆ ಸೀಟು ಕೈಬಿಡುತ್ತದೆ. ಜೂನ್, ಜುಲೈ ಹೊತ್ತಿಗೆ ಖಾತೆಯಲ್ಲಿ ನಿಜವಾಗಿ ಎಷ್ಟಿರುತ್ತದೆ? ಆ ಸಂಖ್ಯೆಯನ್ನೇ ಬರೆಯಿರಿ.

ಹಂತ 2: ನಿಮ್ಮ ಓದು ಎಲ್ಲಿಗೆ ಒಪ್ಪುತ್ತದೆ ಎಂದು ನೋಡಿ

ಪಿಯುಸಿ ಮುಗಿಸಿದವರು ಗಮನಿಸಿ. ಜರ್ಮನಿಗೆ ದ್ವಿತೀಯ ಪಿಯುಸಿ ಒಂದೇ ಸಾಮಾನ್ಯವಾಗಿ ಸಾಲುವುದಿಲ್ಲ. ಇಲ್ಲಿ ಡಿಗ್ರಿಯ ಮೊದಲ ವರ್ಷ ಮುಗಿಸಿರಬೇಕು, ಅಥವಾ ಜೆಇಇ ಅಡ್ವಾನ್ಸ್ಡ್ ಪಾಸಾಗಿರಬೇಕು, ಜೊತೆಗೆ ಬಹುತೇಕ ಕೋರ್ಸುಗಳಿಗೆ ಜರ್ಮನ್ ಭಾಷೆಯೂ ಬೇಕು. ಎಷ್ಟೇ ಒಳ್ಳೆಯ ಕೆಸಿಇಟಿ ರ‍್ಯಾಂಕ್ ಇದ್ದರೂ ಅಲ್ಲಿ ಲೆಕ್ಕಕ್ಕಿಲ್ಲ. ನನ್ನ ಸಲಹೆ: ಹಣ ಕಡಿಮೆ ಇರುವ ಮನೆಯವರು ಡಿಗ್ರಿಯನ್ನು ಇಲ್ಲೇ ಮುಗಿಸಿ, ಎರಡು ವರ್ಷದ ಮಾಸ್ಟರ್ಸ್‌ಗೆ ಹೊರಗೆ ಹೋಗುವುದು ಒಳ್ಳೆಯದು. ಮೂರು ನಾಲ್ಕು ವರ್ಷದ ಊಟ, ಬಾಡಿಗೆ ಹೊರಗೆ ಕಟ್ಟುವುದಕ್ಕೂ ಎರಡು ವರ್ಷದ್ದನ್ನು ಕಟ್ಟುವುದಕ್ಕೂ ತುಂಬ ವ್ಯತ್ಯಾಸ ಇದೆ.

ಮೂರು ವರ್ಷದ ಬಿಎಸ್ಸಿ, ಬಿಕಾಂ, ಬಿಎ ಓದಿದವರು ಇನ್ನೊಂದು ನೋಡಬೇಕು. ಯುರೋಪಿನ ಕೆಲವು ವಿಶ್ವವಿದ್ಯಾಲಯಗಳು ಮೂರು ವರ್ಷದ ಭಾರತೀಯ ಡಿಗ್ರಿಯನ್ನು ಮಾಸ್ಟರ್ಸ್‌ಗೆ ಒಪ್ಪುತ್ತವೆ, ಕೆಲವು ನಾಲ್ಕು ವರ್ಷ ಬೇಕೇ ಬೇಕು ಎನ್ನುತ್ತವೆ. ಕೋರ್ಸಿನ ಪುಟದಲ್ಲಿ ಸ್ಪಷ್ಟವಾಗಿ ಇಲ್ಲದಿದ್ದರೆ ಅಡ್ಮಿಶನ್ ಕಚೇರಿಗೆ ಮೇಲ್ ಬರೆಯಿರಿ. ಮೂರು ಸಾಲು ಸಾಕು, ಉತ್ತರ ಬರುತ್ತದೆ.

ಇಂಜಿನಿಯರಿಂಗ್ ಮುಗಿಸಿ ಜರ್ಮನಿ ನೋಡುತ್ತಿರುವವರು ತಮ್ಮ ಸಿಜಿಪಿಎಯನ್ನು ಜರ್ಮನ್ ಗ್ರೇಡಿಗೆ ಬದಲಿಸಿಕೊಳ್ಳಬೇಕು. ಅಲ್ಲಿ 1 ಅತ್ಯುತ್ತಮ, 4 ಬರೀ ಪಾಸು. ಲೆಕ್ಕ ಹೀಗಿದೆ: ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ, ಅದನ್ನು ಗರಿಷ್ಠ ಮತ್ತು ಪಾಸ್ ಅಂಕದ ಅಂತರದಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ. ನಿಮ್ಮದು 7.8, ಗರಿಷ್ಠ 10, ಪಾಸ್ 4 ಎಂದುಕೊಳ್ಳಿ. 10ರಲ್ಲಿ 7.8 ಹೋದರೆ 2.2. ಅದನ್ನು 6ರಿಂದ ಭಾಗಿಸಿ 3ರಿಂದ ಗುಣಿಸಿದರೆ 1.1. ಒಂದು ಕೂಡಿಸಿದರೆ 2.1. ಹಲವು ಮಾಸ್ಟರ್ಸ್ ಕೋರ್ಸುಗಳು 2.5 ಅಥವಾ ಅದಕ್ಕಿಂತ ಒಳ್ಳೆಯ ಗ್ರೇಡ್ ಕೇಳುತ್ತವೆ, ಹಾಗಾಗಿ 7.8 ಇದ್ದವರು ಧೈರ್ಯವಾಗಿ ಅರ್ಜಿ ಹಾಕಬಹುದು. 6.2 ಇದ್ದರೆ ಇದೇ ಲೆಕ್ಕದಲ್ಲಿ 2.9 ಬರುತ್ತದೆ. ಆಗ ಗ್ರೇಡಿನ ಮಿತಿ ಹಾಕದ ಕೋರ್ಸುಗಳನ್ನು ಹುಡುಕಬೇಕು, ಇಲ್ಲವೇ ಬೇರೆ ದೇಶ ನೋಡಬೇಕು. ಇದನ್ನು ಈಗಲೇ ತಿಳಿದುಕೊಂಡರೆ ಅರ್ಜಿ ಹಣ ಉಳಿಯುತ್ತದೆ.

ಹಂತ 3: ದೇಶಗಳನ್ನು ಒಂದೊಂದಾಗಿ ತೂಗಿ ನೋಡಿ

ಪ್ರತಿ ದೇಶಕ್ಕೂ ನಾಲ್ಕು ಸಂಖ್ಯೆ ಹುಡುಕಿ: ಫೀಸು, ವೀಸಾಕ್ಕೆ ತೋರಿಸಬೇಕಾದ ಹಣ, ತಿಂಗಳ ಖರ್ಚು, ಓದುವಾಗ ಎಷ್ಟು ಹೊತ್ತು ಕೆಲಸ ಮಾಡಬಹುದು ಎಂಬುದು. ನಮ್ಮವರು ಮೊದಲನೆಯದನ್ನು ಮಾತ್ರ ಕೇಳುತ್ತಾರೆ, ಎರಡನೆಯದರ ಹತ್ತಿರ ಬಂದಾಗ ಸಿಕ್ಕಿಹಾಕಿಕೊಳ್ಳುತ್ತಾರೆ.

ಜರ್ಮನಿ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಕಡೆ ಬೋಧನಾ ಶುಲ್ಕ ಇಲ್ಲ. ಸೆಮಿಸ್ಟರ್ ವಂತಿಗೆ ಅಂತ ಆರು ತಿಂಗಳಿಗೆ ಸುಮಾರು 100ರಿಂದ 350 ಯೂರೋ ಇರುತ್ತದೆ. ಆದರೆ ಎಲ್ಲ ಕಡೆಯೂ ಉಚಿತ ಅಲ್ಲ. ಸ್ಟುಟ್‌ಗಾರ್ಟ್, ಹೈಡೆಲ್‌ಬರ್ಗ್, ಕಾರ್ಲ್ಸ್‌ರೂಹೆ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ನಮ್ಮಂಥವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಹಾಕುತ್ತಿದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಚಳಿಗಾಲದ ಸೆಮಿಸ್ಟರ್‌ನಿಂದ ಫೀಸು ಶುರುಮಾಡಿದೆ. ಮಾಸ್ಟರ್ಸ್‌ಗೆ ಸೆಮಿಸ್ಟರ್‌ಗೆ 4,000ದಿಂದ 6,000 ಯೂರೋ. "ಜರ್ಮನಿ ಫ್ರೀ" ಅನ್ನುವ ಹಳೆಯ ವಿಡಿಯೋ ನೋಡಿ ಮ್ಯೂನಿಕ್‌ಗೆ ಅರ್ಜಿ ಹಾಕಬೇಡಿ.

ಜರ್ಮನಿಯ ನಿಜವಾದ ಬಾಗಿಲು ಬ್ಲಾಕ್ಡ್ ಅಕೌಂಟ್. ಅಂದರೆ ನಿಮ್ಮ ಹೆಸರಿನ ಖಾತೆಯಲ್ಲಿ ಒಂದು ವರ್ಷದ ಖರ್ಚನ್ನು ಮೊದಲೇ ಇಟ್ಟು ಬೀಗ ಹಾಕುವುದು. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ ಇಷ್ಟು ಅಂತ ಬಿಡುತ್ತಾರೆ. ಸೆಪ್ಟೆಂಬರ್ 2024ರಿಂದ ಆ ಮೊತ್ತ 11,904 ಯೂರೋ, ತಿಂಗಳಿಗೆ 992. ಈ ಹಣ ಫೀಸಲ್ಲ, ನಿಮ್ಮದೇ ಊಟ, ಬಾಡಿಗೆಯ ಹಣ. ಆದರೆ ಮೊದಲೇ ಪೂರ್ತಿ ಬೇಕು.

ಒಬ್ಬ ವಿದ್ಯಾರ್ಥಿಯ ಮೊದಲ ವರ್ಷವನ್ನು ಬಿಡಿಸಿ ನೋಡೋಣ. ಬ್ಲಾಕ್ಡ್ ಅಕೌಂಟ್ 11,90,400 ರೂ. ಎಪಿಎಸ್ ಪ್ರಮಾಣಪತ್ರ, ಅಂದರೆ ನಿಮ್ಮ ಅಂಕಪಟ್ಟಿಗಳು ಅಸಲಿ ಎಂದು ಜರ್ಮನ್ ರಾಯಭಾರ ಕಚೇರಿಯ ವಿಭಾಗ ಕೊಡುವ ಕಾಗದ, 18,000 ರೂ. ವೀಸಾ 75 ಯೂರೋ, 7,500 ರೂ. ಯೂನಿ-ಅಸಿಸ್ಟ್ ಎಂಬ ಸಂಸ್ಥೆಯ ಮೂಲಕ ಐದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದರೆ ಮೊದಲನೆಯದಕ್ಕೆ 75, ಉಳಿದ ನಾಲ್ಕಕ್ಕೆ ತಲಾ 30, ಒಟ್ಟು 195 ಯೂರೋ, 19,500 ರೂ. ಎರಡು ಸೆಮಿಸ್ಟರ್ ವಂತಿಗೆಗೆ 50,000 ಎಂದುಕೊಳ್ಳಿ. ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ಗೆ ಸುಮಾರು 18,000, ವಿಮಾನಕ್ಕೆ 50,000 ಇಡಿ. ಇಲ್ಲಿಗೆ ಹದಿಮೂರೂವರೆ ಲಕ್ಷ. ರೂಮಿನ ಮುಂಗಡ, ಚಳಿ ಬಟ್ಟೆ, ಪಾತ್ರೆ ಪಗಡೆ ಸೇರಿದರೆ ಹದಿನಾಲ್ಕೂವರೆ. ಫೀಸಿಲ್ಲದ ದೇಶದ ಮೊದಲ ವರ್ಷ ಇಷ್ಟಾಗುತ್ತದೆ. ನಿಮ್ಮ ಹಾಳೆಯ ಮೂರನೇ ಸಂಖ್ಯೆಯ ಪಕ್ಕ ಇದನ್ನು ಇಟ್ಟು ನೋಡಿ.

ಎರಡನೇ ವರ್ಷಕ್ಕೆ ದುಡಿದುಕೊಳ್ಳಬಹುದು. ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸಕ್ಕೆ ಅವಕಾಶ ಇದೆ. ಕನಿಷ್ಠ ಕೂಲಿ ಜನವರಿ 2026ರಿಂದ ಗಂಟೆಗೆ 13.90 ಯೂರೋ. ಆದರೆ ಮೊದಲ ಆರು ತಿಂಗಳು ಕೆಲಸ ಸಿಗುತ್ತದೆ ಅಂತ ಲೆಕ್ಕ ಹಾಕಬೇಡಿ. ಜರ್ಮನ್ ಬಾರದವರಿಗೆ ಅಂಗಡಿ, ಹೋಟೆಲ್ ಕೆಲಸವೂ ಕಷ್ಟ. ಹೋಗುವ ಮುಂಚೆ ಎ2 ಮಟ್ಟ, ಅಂದರೆ ದಿನನಿತ್ಯದ ಮಾತು ನಡೆಸುವಷ್ಟು ಜರ್ಮನ್ ಕಲಿಯಿರಿ. ಕೋರ್ಸು ಇಂಗ್ಲಿಷ್‌ನಲ್ಲೇ ಇರಬಹುದು, ಬೇಕರಿ ಮಾಲೀಕರು ಮಾತಾಡುವುದು ಜರ್ಮನ್. ಇನ್ನೊಂದು, ಕಡಿಮೆ ದರದ ವಿದ್ಯಾರ್ಥಿ ಆರೋಗ್ಯ ವಿಮೆ 30 ವರ್ಷದವರೆಗೆ ಮಾತ್ರ. ಕೆಲಸ ಬಿಟ್ಟು ಓದಲು ಹೊರಟ 31ರವರು ಇದನ್ನು ಮೊದಲೇ ವಿಚಾರಿಸಿ.

ಊರಿನ ಆಯ್ಕೆಯೂ ದೊಡ್ಡ ವಿಷಯ. ಮ್ಯೂನಿಕ್‌ನಲ್ಲಿ 992 ಯೂರೋದಲ್ಲಿ ತಿಂಗಳು ನೂಕುವುದು ಕಷ್ಟ. ಪೂರ್ವದ ಕೆಮ್ನಿಟ್ಸ್, ಮಾಗ್ಡೆಬರ್ಗ್‌ನಂಥ ಊರುಗಳಲ್ಲಿ ಬಾಡಿಗೆ ಕೊಟ್ಟೂ ಸ್ವಲ್ಪ ಉಳಿಯುತ್ತದೆ. ಅಡ್ಮಿಶನ್ ಬಂದ ದಿನವೇ ವಿದ್ಯಾರ್ಥಿ ಹಾಸ್ಟೆಲ್‌ಗೆ ಹೆಸರು ಬರೆಸಿ, ಸರದಿ ಉದ್ದ ಇರುತ್ತದೆ.

ಇಟಲಿ. ನನ್ನ ಮಟ್ಟಿಗೆ ಮಂಡ್ಯದ ಸಣ್ಣ ರೈತರ ಮನೆಯವರು ಮೊದಲು ನೋಡಬೇಕಾದ ದೇಶ ಇದು. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಫೀಸು ಕುಟುಂಬದ ಆದಾಯ, ಆಸ್ತಿ ನೋಡಿ ನಿಗದಿಯಾಗುತ್ತದೆ. ಆ ಲೆಕ್ಕಕ್ಕೆ ಐಎಸ್‌ಇಇ ಅನ್ನುತ್ತಾರೆ. ಹೊರದೇಶದವರದ್ದಕ್ಕೆ ಕೊನೆಯಲ್ಲಿ 'ಪರಿಫಿಕಾತೊ' ಸೇರಿಸುತ್ತಾರೆ. ಆದಾಯ ಕಡಿಮೆ ಇದ್ದರೆ ಹಲವು ಕಡೆ ಫೀಸು ಸೊನ್ನೆ ಅಥವಾ ಕೆಲವು ನೂರು ಯೂರೋ. ಪೂರ್ತಿ ಕಟ್ಟಿದರೂ ಬಹುತೇಕ ಕಡೆ ವರ್ಷಕ್ಕೆ ಸುಮಾರು 4,000 ಯೂರೋ ಒಳಗೆ. ಇದಲ್ಲದೆ ಪ್ರಾಂತ್ಯದ ಸರ್ಕಾರಗಳು ಇದೇ ಆದಾಯ ನೋಡಿ ವಿದ್ಯಾರ್ಥಿವೇತನ ಕೊಡುತ್ತವೆ. ಹಣ, ಊಟ, ಕೆಲವೊಮ್ಮೆ ಹಾಸ್ಟೆಲ್ ಕೂಡ ಅದರಲ್ಲಿ ಸೇರಿರುತ್ತದೆ.

ಇದರ ಕಷ್ಟ ಇರುವುದು ಕಾಗದದಲ್ಲಿ. ನಾಡಕಚೇರಿಯ ಆದಾಯ ಪ್ರಮಾಣಪತ್ರ, ಐಟಿ ರಿಟರ್ನ್, ಬ್ಯಾಂಕ್ ಬಾಕಿ, ಮನೆ ಜಮೀನಿನ ದಾಖಲೆ, ಮನೆಯಲ್ಲಿ ಯಾರ‍್ಯಾರಿದ್ದಾರೆ ಎಂಬ ಪತ್ರ, ಇವನ್ನೆಲ್ಲ ಅಪೊಸ್ಟಿಲ್ ಮಾಡಿಸಿ ಇಟಾಲಿಯನ್‌ಗೆ ಅನುವಾದ ಮಾಡಿಸಬೇಕಾಗುತ್ತದೆ. ಅಪೊಸ್ಟಿಲ್ ಅಂದರೆ ಈ ಕಾಗದ ಅಸಲಿ ಎಂದು ನಮ್ಮ ವಿದೇಶಾಂಗ ಸಚಿವಾಲಯ ಹಾಕುವ ಮುದ್ರೆ. ಸಾಮಾನ್ಯವಾಗಿ ಎರಡು ವರ್ಷ ಹಿಂದಿನ ಆದಾಯ ಕೇಳುತ್ತಾರೆ, ಕಳೆದ ವರ್ಷದ್ದಲ್ಲ. ಯಾವ ವರ್ಷ, ಯಾವ ಕಾಗದ ಅಂತ ಆಯಾ ಪ್ರಾಂತ್ಯದ ಪ್ರಕಟಣೆ ಓದಿಯೇ ತಾಲ್ಲೂಕು ಕಚೇರಿಗೆ ಹೋಗಿ. ತಪ್ಪು ವರ್ಷದ ಪ್ರಮಾಣಪತ್ರ ಅಪೊಸ್ಟಿಲ್ ಮಾಡಿಸಿದರೆ ಹಣವೂ ಹೋಯಿತು, ಎರಡು ತಿಂಗಳೂ ಹೋಯಿತು.

ಇನ್ನೊಂದು ಎಚ್ಚರಿಕೆ. ವಿದ್ಯಾರ್ಥಿವೇತನ ಸಿಕ್ಕರೂ ಹಣ ಕೈಗೆ ಬರುವುದು ಕಾಲೇಜು ಶುರುವಾಗಿ ಕೆಲವು ತಿಂಗಳ ಮೇಲೆ, ಕಂತುಗಳಲ್ಲಿ. ಮೊದಲ ವರ್ಷ ಹೇಳಿದಷ್ಟು ಕ್ರೆಡಿಟ್, ಅಂದರೆ ಪಾಸಾದ ವಿಷಯಗಳಿಗೆ ಸಿಗುವ ಪಾಯಿಂಟ್, ಗಳಿಸದಿದ್ದರೆ ಎರಡನೇ ಕಂತು ನಿಲ್ಲುತ್ತದೆ, ಕೊಟ್ಟದ್ದನ್ನು ವಾಪಸ್ ಕೇಳಲೂಬಹುದು. ವೀಸಾಕ್ಕೂ ಸುಮಾರು ಆರೇಳು ಸಾವಿರ ಯೂರೋ ತೋರಿಸಬೇಕು. ಅಂದರೆ ಇಟಲಿಗೂ ಏಳೆಂಟು ಲಕ್ಷ ಕೈಯಲ್ಲಿ ಬೇಕು. ಜರ್ಮನಿಯ ಅರ್ಧ, ಆದರೆ ಸೊನ್ನೆ ಅಲ್ಲ. ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಇಟಾಲಿಯನ್ ಬಾರದೆ ಕೆಲಸ ಸಿಗುವುದು ಜರ್ಮನಿಗಿಂತ ಕಷ್ಟ.

ಫ್ರಾನ್ಸ್. ಸರ್ಕಾರಿ ವಿಶ್ವವಿದ್ಯಾಲಯಗಳು 2019ರಿಂದ ಯುರೋಪಿನಾಚೆಯವರಿಗೆ ಬೇರೆ ಫೀಸು ಇಟ್ಟಿವೆ. ಈಗ ಡಿಗ್ರಿಗೆ ವರ್ಷಕ್ಕೆ ಸುಮಾರು 2,900, ಮಾಸ್ಟರ್ಸ್‌ಗೆ ಸುಮಾರು 3,900 ಯೂರೋ. ಕೆಲವು ವಿಶ್ವವಿದ್ಯಾಲಯಗಳು ಈ ಹೆಚ್ಚಿನ ಫೀಸನ್ನು ಮನ್ನಾ ಮಾಡುತ್ತವೆ, ಅದನ್ನು ಕೇಳಿಯೇ ಅರ್ಜಿ ಹಾಕಿ. ವೀಸಾಕ್ಕೆ ತಿಂಗಳಿಗೆ 615 ಯೂರೋ ಲೆಕ್ಕದಲ್ಲಿ ಹಣ ತೋರಿಸಬೇಕು. ವರ್ಷಕ್ಕೆ 964 ಗಂಟೆ ಕೆಲಸಕ್ಕೆ ಅವಕಾಶ. ಆದರೆ ಖಾಸಗಿ ಬಿಸಿನೆಸ್ ಸ್ಕೂಲುಗಳ ಫೀಸು ಇದರ ಮೂರು ನಾಲ್ಕು ಪಟ್ಟು. ನಮ್ಮ ಊರಿನಲ್ಲಿ "ಫ್ರಾನ್ಸ್" ಅಂತ ಹೇಳಿ ಮಾರುವುದು ಬಹಳ ಸಲ ಅವನ್ನೇ.

ಆಸ್ಟ್ರಿಯಾದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸೆಮಿಸ್ಟರ್‌ಗೆ 726.72 ಯೂರೋ. ಜೆಕ್ ದೇಶದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಜೆಕ್ ಭಾಷೆಯಲ್ಲೇ ಓದಿದರೆ ಫೀಸಿಲ್ಲ, ಇಂಗ್ಲಿಷ್‌ನಲ್ಲಿ ಓದಿದರೆ ಇದೆ. ಸ್ವೀಡನ್ 2011ರಲ್ಲಿ, ಫಿನ್ಲೆಂಡ್ 2017ರಲ್ಲಿ, ನಾರ್ವೆ 2023ರಲ್ಲಿ ನಮ್ಮವರಿಗೆ ಫೀಸು ಶುರುಮಾಡಿದವು. ನಾರ್ವೆ ಈಗಲೂ ಉಚಿತ ಅಂತ ಯಾರಾದರೂ ಹೇಳಿದರೆ ಅವರ ಮಾಹಿತಿ ಹಳೆಯದು.

ಜಪಾನ್ ಬಗ್ಗೆ ನಮ್ಮ ಕಡೆ ಕೇಳುವವರು ಕಡಿಮೆ, ಕೇಳಬೇಕು. ರಾಷ್ಟ್ರೀಯ ವಿಶ್ವವಿದ್ಯಾಲಯಗಳಲ್ಲಿ ಮೂಲ ಫೀಸು ವರ್ಷಕ್ಕೆ 5,35,800 ಯೆನ್, ಅಂದರೆ ಮೂರು ಲಕ್ಷ ರೂಪಾಯಿ ಆಸುಪಾಸು. ಸೇರುವಾಗ ಒಂದು ಸಲ 2,82,000 ಯೆನ್. ಟೋಕಿಯೊ ವಿಶ್ವವಿದ್ಯಾಲಯ 2025ರಿಂದ ಡಿಗ್ರಿಗೆ ಸೇರುವವರಿಗೆ ವರ್ಷದ ಫೀಸನ್ನು 6,42,960ಕ್ಕೆ ಏರಿಸಿದೆ. ಫೀಸಿನಲ್ಲಿ ಅರ್ಧ ಅಥವಾ ಪೂರ್ತಿ ಮನ್ನಾ ಕೇಳಲು ಹಲವು ಕಡೆ ಅವಕಾಶ ಇದೆ. ಅನುಮತಿ ಪಡೆದು ವಾರಕ್ಕೆ 28 ಗಂಟೆ ದುಡಿಯಬಹುದು. ಜಪಾನ್ ಸರ್ಕಾರದ ಮೆಕ್ಸ್ಟ್ ವಿದ್ಯಾರ್ಥಿವೇತನ ಸಿಕ್ಕರೆ ಫೀಸೂ ಇಲ್ಲ, ತಿಂಗಳ ಹಣವೂ ಬರುತ್ತದೆ. ಬೆಂಗಳೂರಿನಲ್ಲೇ ಜಪಾನ್ ಕಾನ್ಸುಲೇಟ್ ಇದೆ.

ಇನ್ನು ಇಂಗ್ಲಿಷ್ ದೇಶಗಳು. ಕಡಿಮೆ ಖರ್ಚಿನ ಪಟ್ಟಿಗೆ ಇವು ಬರುವುದಿಲ್ಲ, ಆದರೂ ಎಲ್ಲರೂ ಕೇಳುತ್ತಾರೆ ಅಂತ ಹೇಳುತ್ತೇನೆ. ಕೆನಡಾ ಸೆಪ್ಟೆಂಬರ್ 2025ರಿಂದ ಫೀಸು ಬಿಟ್ಟು 22,895 ಕೆನಡಾ ಡಾಲರ್ ತೋರಿಸಿ ಎನ್ನುತ್ತದೆ. ಆಸ್ಟ್ರೇಲಿಯಾದಲ್ಲಿ ಅದು 29,710 ಡಾಲರ್, ವೀಸಾ ಅರ್ಜಿಗೇ 2,000 ಡಾಲರ್. ಬ್ರಿಟನ್‌ನಲ್ಲಿ ಮಾಸ್ಟರ್ಸ್ ಒಂದೇ ವರ್ಷ, ಅದೊಂದು ಅನುಕೂಲ. ಆದರೆ ಫೀಸಿನ ಮೇಲೆ ಆರೋಗ್ಯ ಶುಲ್ಕ ಅಂತಲೇ ವರ್ಷಕ್ಕೆ 776 ಪೌಂಡ್ ಕಟ್ಟಬೇಕು.

ಹಂತ 4: ಎಂಬಿಬಿಎಸ್ ಆದರೆ ಲೆಕ್ಕವೇ ಬೇರೆ

ಜಾರ್ಜಿಯಾ, ರಷ್ಯಾ, ಉಜ್ಬೇಕಿಸ್ತಾನ್, ಕಿರ್ಗಿಸ್ತಾನ್. ಈ ಹೆಸರುಗಳನ್ನು ನೀಟ್ ರಿಸಲ್ಟ್ ಬಂದ ವಾರದಲ್ಲಿ ಎಲ್ಲ ಕಡೆ ಕೇಳುತ್ತೀರಿ. ಇಲ್ಲಿ ಫೀಸಿಗಿಂತ ಮೊದಲು ನೋಡಬೇಕಾದ್ದು ವಾಪಸ್ ಬಂದ ಮೇಲೆ ಇಲ್ಲಿ ವೈದ್ಯರಾಗಲು ಬಿಡುತ್ತಾರಾ ಎಂಬುದು.

ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮ ಹೇಳುವುದು ಇಷ್ಟು: ನೀಟ್ ಪಾಸಾಗಿರಬೇಕು. ಕೋರ್ಸು ಕನಿಷ್ಠ 54 ತಿಂಗಳು ಇರಬೇಕು, ಇಂಗ್ಲಿಷ್ ಮಾಧ್ಯಮದಲ್ಲಿರಬೇಕು, ಪೂರ್ತಿ ಒಂದೇ ಸಂಸ್ಥೆಯಲ್ಲಿ ಆಗಬೇಕು. ಅಲ್ಲೇ 12 ತಿಂಗಳ ಇಂಟರ್ನ್‌ಶಿಪ್ ಮುಗಿಸಬೇಕು. ಆ ದೇಶದಲ್ಲಿ ಅಲ್ಲಿನವರಂತೆಯೇ ವೈದ್ಯ ವೃತ್ತಿ ಮಾಡುವ ಅರ್ಹತೆ ಸಿಗಬೇಕು. ವಾಪಸ್ ಬಂದು ಪರೀಕ್ಷೆ ಪಾಸಾಗಿ, ಇಲ್ಲಿ ಮತ್ತೆ 12 ತಿಂಗಳ ಇಂಟರ್ನ್‌ಶಿಪ್. ಆ ಎಫ್‌ಎಂಜಿಇ ಪರೀಕ್ಷೆಯಲ್ಲಿ 300ಕ್ಕೆ 150 ಬೇಕು, ಮೊದಲ ಸಲಕ್ಕೇ ಆಗದವರು ತುಂಬ ಜನ. "ಎರಡು ವರ್ಷ ಒಂದು ದೇಶ, ಮೂರು ವರ್ಷ ಇನ್ನೊಂದು ದೇಶ" ಎನ್ನುವ ಪ್ಯಾಕೇಜ್ ಯಾರಾದರೂ ತೋರಿಸಿದರೆ ಅಲ್ಲಿಂದ ಎದ್ದು ಬನ್ನಿ.

ಹಂತ 5: ಸಾಲಕ್ಕೆ ಮುಂಚೆ ವಿದ್ಯಾರ್ಥಿವೇತನ

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಬಗ್ಗೆ ನಮ್ಮ ಜಿಲ್ಲೆಯಲ್ಲಿ ಗೊತ್ತಿರುವವರು ಬಹಳ ಕಡಿಮೆ. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯಗಳ ಜೊತೆಗೆ ಭೂಮಿ ಇಲ್ಲದ ಕೃಷಿ ಕೂಲಿಕಾರರ ಮಕ್ಕಳಿಗೂ, ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೂ ಇದರಲ್ಲಿ ಅವಕಾಶ ಇದೆ. ಮಾಸ್ಟರ್ಸ್ ಮತ್ತು ಪಿಎಚ್‌ಡಿಗೆ ಮಾತ್ರ. ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದ ಒಳಗೆ, ವಯಸ್ಸು 35ರ ಒಳಗೆ, ಡಿಗ್ರಿಯಲ್ಲಿ ಶೇ. 60 ಅಂಕ ಬೇಕು. ಪರರ ಗದ್ದೆಯಲ್ಲಿ ಕೂಲಿ ಮಾಡಿ ಮಗಳನ್ನು ಓದಿಸಿದವರ ಮನೆಗೆ ಇದಕ್ಕಿಂತ ದೊಡ್ಡ ದಾರಿ ಇನ್ನೊಂದಿಲ್ಲ.

ರಾಜ್ಯದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆ ಇದೆ. ಹಿಂದುಳಿದ ವರ್ಗ, ಅಲ್ಪಸಂಖ್ಯಾತರಿಗೆ ಆಯಾ ಅಭಿವೃದ್ಧಿ ನಿಗಮಗಳಿಂದ ವಿದೇಶ ವ್ಯಾಸಂಗಕ್ಕೆ ಸಾಲ ಸಿಗುತ್ತದೆ. ಈ ವರ್ಷ ಅರ್ಜಿ ಕರೆದಿದ್ದಾರಾ, ಕೊನೆಯ ದಿನ ಯಾವುದು ಅಂತ ಜಿಲ್ಲಾ ಕಚೇರಿಯಲ್ಲೇ ಕೇಳಿ. ಒಬ್ಬರ ಮಾತು ನಂಬಿ ಬಿಡಬೇಡಿ, ಪ್ರಕಟಣೆ ನೋಡಿ.

ಜಾತಿ, ಆದಾಯ ಯಾವುದೂ ಕೇಳದ ವಿದ್ಯಾರ್ಥಿವೇತನ ಒಂದಿದೆ: ಎರಾಸ್ಮಸ್ ಮುಂಡುಸ್. ಎರಡು ಮೂರು ಯುರೋಪಿಯನ್ ದೇಶಗಳಲ್ಲಿ ಓದುವ ಮಾಸ್ಟರ್ಸ್. ಆಯ್ಕೆಯಾದರೆ ಫೀಸಿಲ್ಲ, ತಿಂಗಳಿಗೆ 1,400 ಯೂರೋ. ಪೈಪೋಟಿ ಜಾಸ್ತಿ, ನಿಜ. ಆದರೂ ಒಳ್ಳೆಯ ಅಂಕ ಇದ್ದವರು ಹಾಕದೇ ಬಿಡಬಾರದು. ಹಂಗೇರಿ ಸರ್ಕಾರದ ಸ್ಟಿಪೆಂಡಿಯಂ ಹಂಗೇರಿಕಂ ಕೂಡ ಒಳ್ಳೆಯದು. ಅಲ್ಲಿ ಫೀಸು ಇಲ್ಲ, ಆದರೆ ತಿಂಗಳಿಗೆ ಕೊಡುವ 43,700 ಫೋರಿಂಟ್ ಅಂದರೆ ಹತ್ತು ಹನ್ನೊಂದು ಸಾವಿರ ರೂಪಾಯಿ. ಅಷ್ಟರಲ್ಲಿ ಬುಡಾಪೆಸ್ಟ್‌ನಲ್ಲಿ ತಿಂಗಳು ಸಾಗುವುದಿಲ್ಲ, ಮನೆಯಿಂದ ಸ್ವಲ್ಪ ಕಳಿಸಬೇಕು.

ಹಂತ 6: ಬ್ಯಾಂಕಿಗೆ ಹೋಗುವ ಮುಂಚೆ ಮನೆ ಪತ್ರ ತೆಗೆದು ನೋಡಿ

ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಎರಡು ಎಕರೆ ನೀರಾವರಿ ಜಮೀನಿನ ಪಹಣಿ ಹಿಡಿದು ಬ್ಯಾಂಕಿಗೆ ಹೋಗುತ್ತಾರೆ. ಶಿಕ್ಷಣ ಸಾಲಕ್ಕೆ ಕೃಷಿ ಜಮೀನನ್ನು ಬಹುತೇಕ ಬ್ಯಾಂಕುಗಳು ಅಡಮಾನವಾಗಿ ಒಪ್ಪುವುದಿಲ್ಲ. ಸಾಲ ತೀರದಿದ್ದರೆ ಆಸ್ತಿ ವಶಪಡಿಸಿಕೊಳ್ಳಲು ಬ್ಯಾಂಕುಗಳಿಗೆ ಇರುವ ಸರ್ಫೇಸಿ ಕಾನೂನು ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ, ಅದೇ ಕಾರಣ. ಜಮೀನಿನ ಬೆಲೆ ಕೋಟಿ ಇದ್ದರೂ ಉತ್ತರ ಒಂದೇ. ಅವರು ಕೇಳುವುದು ಖಾತೆ ಸರಿಯಾಗಿರುವ ಮನೆ, ಸೈಟು, ಇಲ್ಲವೇ ಠೇವಣಿ.

ಬ್ಯಾಂಕುಗಳ ಸಾಮಾನ್ಯ ಪದ್ಧತಿಯಲ್ಲಿ 4 ಲಕ್ಷದವರೆಗೆ ಅಡಮಾನ ಇಲ್ಲ, 7.5 ಲಕ್ಷದವರೆಗೆ ಇನ್ನೊಬ್ಬರ ಜಾಮೀನು, ಅದಕ್ಕೂ ಮೇಲೆ ಆಸ್ತಿ ಅಡಮಾನ. ಹೆಸರುವಾಸಿ ವಿಶ್ವವಿದ್ಯಾಲಯ ಸಿಕ್ಕಿದ್ದರೆ ಕೆಲವು ಬ್ಯಾಂಕುಗಳು ಅಡಮಾನ ಇಲ್ಲದೆಯೂ ಜಾಸ್ತಿ ಕೊಡುತ್ತವೆ. ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಶಿಕ್ಷಣ ಸಾಲಕ್ಕೆ ಅರ್ಜಿ ಹಾಕಬಹುದು.

ಮನೆ ಇದೆ, ಆದರೆ ಖಾತೆ ಇನ್ನೂ ತೀರಿಕೊಂಡ ತಾತನ ಹೆಸರಿನಲ್ಲೇ ಇದೆ. ನಮ್ಮ ಹಳ್ಳಿಗಳಲ್ಲಿ ಇದು ಮನೆಮನೆಯ ಕಥೆ ಅಲ್ವಾ? ಪೌತಿ ಖಾತೆ ಆಗಬೇಕು, ಚಿಕ್ಕಪ್ಪ, ಅತ್ತೆಯರ ಒಪ್ಪಿಗೆ ಬೇಕು, ಇ-ಸ್ವತ್ತು ಅಥವಾ ಇ-ಖಾತಾ ಬೇಕು. ಆಮೇಲೆ ಬ್ಯಾಂಕಿನ ವಕೀಲರು ಋಣಭಾರ ಪತ್ರ ನೋಡಿ ಸರಿ ಅನ್ನಬೇಕು. ಒಂದು ಸಹಿಗಾಗಿ ತಿಂಗಳುಗಟ್ಟಲೆ ನಿಲ್ಲುವುದನ್ನು ನಾನೇ ಕಂಡಿದ್ದೇನೆ. ಹೊರಗೆ ಓದುವ ಯೋಚನೆ ಬಂದ ದಿನವೇ ಈ ಕೆಲಸ ಶುರುಮಾಡಿ. ಓದು ಆಗದಿದ್ದರೂ ಖಾತೆ ಸರಿಯಾದದ್ದು ಮನೆಗೆ ಲಾಭವೇ. ಅಪ್ಪನ ಹೆಸರಿನಲ್ಲಿ ಸೊಸೈಟಿ ಸಾಲ, ಬೆಳೆ ಸಾಲ ಸುಸ್ತಿಯಾಗಿದ್ದರೆ ಅದೂ ಸಿಬಿಲ್ ಅಂಕಕ್ಕೆ ಹೊಡೆತ. ಮೊದಲು ತೀರಿಸಿ.

ಕಂತಿನ ಲೆಕ್ಕ ಮುಂಚೆಯೇ ಮಾಡಿ. 15 ಲಕ್ಷ ಸಾಲ, ಶೇ. 10 ಬಡ್ಡಿ ಎಂದುಕೊಳ್ಳಿ. ಓದುವ ಎರಡು ವರ್ಷ, ಆಮೇಲೆ ಕೆಲಸ ಹುಡುಕಲು ಒಂದು ವರ್ಷ ಕಂತು ಇಲ್ಲ, ಆದರೆ ಬಡ್ಡಿ ಓಡುತ್ತಿರುತ್ತದೆ. ಸರಳ ಬಡ್ಡಿಯಲ್ಲೇ ಮೂರು ವರ್ಷಕ್ಕೆ ನಾಲ್ಕೂವರೆ ಲಕ್ಷ. ಹತ್ತೊಂಬತ್ತೂವರೆ ಲಕ್ಷವನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 25,800 ರೂ. ಈ ಮೂರು ವರ್ಷವೂ ತಿಂಗಳಿಗೆ 12,500 ಬಡ್ಡಿ ಕಟ್ಟಿಕೊಂಡು ಹೋದರೆ ಕಂತು ಸುಮಾರು 19,800ಕ್ಕೆ ನಿಲ್ಲುತ್ತದೆ. ಮಗ ಅಥವಾ ಮಗಳಿಗೆ ಅಲ್ಲಿ ಕೆಲಸ ಸಿಗದೆ ಮೈಸೂರಿಗೆ ವಾಪಸ್ ಬಂದರೂ ಈ ಕಂತು ಕಟ್ಟಲು ಆಗುತ್ತದಾ? ಆಗುವುದಿಲ್ಲ ಅನ್ನಿಸಿದರೆ ಸಾಲದ ಮೊತ್ತ ಇಳಿಸಿ, ಅದಕ್ಕೆ ಹೊಂದುವ ದೇಶ ನೋಡಿ.

ಹಂತ 7: ಹೆಸರು, ಇನಿಷಿಯಲ್, ಪಾಸ್‌ಪೋರ್ಟ್

ನಮ್ಮ ಕಡೆ ಸರ್‌ನೇಮ್ ಇರುವುದಿಲ್ಲ. ಊರಿನ ಒಂದಕ್ಷರ, ಅಪ್ಪನ ಒಂದಕ್ಷರ, ಆಮೇಲೆ ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಕೊನೆಯಲ್ಲಿ, ಡಿಗ್ರಿಯಲ್ಲಿ ಮುಂದೆ, ಆಧಾರ್‌ನಲ್ಲಿ ಅದೂ ಇಲ್ಲ. ಹೊರದೇಶದ ಕಚೇರಿಗೆ ಇವು ಮೂರು ಬೇರೆ ಬೇರೆ ಜನ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಸಿ, ಸರ್‌ನೇಮ್ ಜಾಗ ಖಾಲಿ ಬಿಡದಂತೆ ನೋಡಿಕೊಳ್ಳಿ. ಆಮೇಲೆ ಅರ್ಜಿ, ಐಇಎಲ್‌ಟಿಎಸ್, ಬ್ಯಾಂಕ್, ಟಿಕೆಟ್ ಎಲ್ಲದರಲ್ಲೂ ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಬರೆಯಿರಿ. ಅಂಕಪಟ್ಟಿಗೂ ಪಾಸ್‌ಪೋರ್ಟ್‌ಗೂ ವ್ಯತ್ಯಾಸ ಇದ್ದರೆ ಇಬ್ಬರೂ ಒಬ್ಬರೇ ಎಂದು ನೋಟರಿ ಅಫಿಡವಿಟ್ ಮಾಡಿಸಿ ಇಟ್ಟುಕೊಳ್ಳಿ. ಪಾಸ್‌ಪೋರ್ಟ್‌ಗೆ ಬೆಂಗಳೂರಿಗೆ ಅಲೆಯಬೇಕಿಲ್ಲ. ದೇಶದ ಮೊದಲ ಅಂಚೆ ಕಚೇರಿ ಪಾಸ್‌ಪೋರ್ಟ್ ಕೇಂದ್ರಗಳಲ್ಲಿ ಒಂದು 2017ರಲ್ಲಿ ಶುರುವಾದದ್ದು ಮೈಸೂರಿನಲ್ಲೇ.

ಹಂತ 8: ಕನ್ಸಲ್ಟೆನ್ಸಿಯವರ ಹತ್ತಿರ ಕೇಳಬೇಕಾದ ಒಂದು ಪ್ರಶ್ನೆ

"ಈ ಕಾಲೇಜು ಸರ್ಕಾರಿಯೋ ಖಾಸಗಿಯೋ?" ಅಷ್ಟೇ. ಕನ್ಸಲ್ಟೆನ್ಸಿಗಳಿಗೆ ಕಾಲೇಜುಗಳಿಂದ ಕಮಿಷನ್ ಬರುತ್ತದೆ. ಫೀಸೇ ಇಲ್ಲದ ಸರ್ಕಾರಿ ವಿಶ್ವವಿದ್ಯಾಲಯ ಕಮಿಷನ್ ಎಲ್ಲಿಂದ ಕೊಡುತ್ತದೆ? ಹಾಗಾಗಿ "ಸಲಹೆ ಉಚಿತ" ಅನ್ನುವ ಕಡೆ ಜರ್ಮನಿ ಕೇಳಿದರೆ ವರ್ಷಕ್ಕೆ ಹತ್ತು ಸಾವಿರ ಯೂರೋ ದಾಟುವ ಖಾಸಗಿ ಕಾಲೇಜು ತೋರಿಸುವ ಸಂಭವ ಜಾಸ್ತಿ. ಎಲ್ಲರೂ ಹೀಗೆ ಅಂತಲ್ಲ, ಆದರೆ ಹಣ ಎಲ್ಲಿಂದ ಬರುತ್ತದೆ ಅಂತ ತಿಳಿದು ಕೂರಿ. ಡಾಡ್ ಎಂಬ ಜರ್ಮನ್ ಸಂಸ್ಥೆಯ ತಾಣ, ಕ್ಯಾಂಪಸ್ ಫ್ರಾನ್ಸ್, ಇಟಲಿಯ ಯೂನಿವರ್ಸಿಟಾಲಿ, ಇವುಗಳಲ್ಲಿ ನೀವೇ ಹುಡುಕಬಹುದು. ಬೇರೆಯವರು ಕೊಟ್ಟ ನಕಲಿ ಅನುಭವ ಪತ್ರ, ಎರವಲು ತಂದ ಬ್ಯಾಂಕ್ ಬಾಕಿ ಸುತರಾಂ ಬೇಡ. ಜರ್ಮನಿ ವೀಸಾ ತಿರಸ್ಕಾರವಾದರೆ ಮರುಪರಿಶೀಲನೆ ಕೇಳಿ ಪತ್ರ ಬರೆಯುವ ದಾರಿ 2025ರ ಜುಲೈನಿಂದ ಮುಚ್ಚಿದೆ. ಹೊಸ ಅರ್ಜಿ ಹಾಕಬೇಕು, ಇಲ್ಲವೇ ಅಲ್ಲಿನ ಕೋರ್ಟಿಗೆ ಹೋಗಬೇಕು.

ಹಂತ 9: ತಿಂಗಳುಗಳನ್ನು ಹಿಂದಿನಿಂದ ಎಣಿಸಿ

ಅಕ್ಟೋಬರ್‌ನಲ್ಲಿ ತರಗತಿ ಶುರು ಎಂದುಕೊಳ್ಳಿ. ಜುಲೈ, ಆಗಸ್ಟ್ ವೀಸಾಕ್ಕೆ ಹೋಗುತ್ತದೆ. ಜರ್ಮನಿಯ ಹಲವು ಅರ್ಜಿಗಳ ಕೊನೆಯ ದಿನ ಜುಲೈ 15, ಆದರೆ ನಮ್ಮಂಥ ದೇಶದವರಿಗೆ ಕೆಲವು ಕಡೆ ಮಾರ್ಚ್, ಮೇ ತಿಂಗಳಲ್ಲೇ ಮುಗಿಯುತ್ತದೆ. ಅದಕ್ಕೆ ಮುಂಚೆ ಎಪಿಎಸ್, ಅದಕ್ಕೂ ಮುಂಚೆ ಟ್ರಾನ್ಸ್‌ಕ್ರಿಪ್ಟ್, ಅಂದರೆ ಎಲ್ಲ ಸೆಮಿಸ್ಟರ್ ಅಂಕಗಳ ಒಟ್ಟು ಪಟ್ಟಿ. ಹಾಗಾಗಿ ಹಿಂದಿನ ವರ್ಷದ ಸೆಪ್ಟೆಂಬರ್‌ಗೇ ಕೆಲಸ ಶುರುವಾಗಬೇಕು. ಕೊನೆಯ ಸೆಮಿಸ್ಟರ್ ರಿಸಲ್ಟ್ ತಡವಾಗುವುದು ನಮ್ಮಲ್ಲಿ ಹೊಸದಲ್ಲ. ಅಡ್ಮಿಶನ್ ಪತ್ರದಲ್ಲಿ ಡಿಗ್ರಿ ಸರ್ಟಿಫಿಕೇಟ್ ಯಾವ ದಿನಕ್ಕೆ ಬೇಕು ಅಂತ ಬರೆದಿರುತ್ತದೆ, ಅದನ್ನು ಓದಿ ಪ್ರೊವಿಜನಲ್ ನಡೆಯುತ್ತದಾ ಕೇಳಿ.

ಹಣ ಕಳಿಸುವಾಗ ಕೊನೆಯದೊಂದು. ವರ್ಷಕ್ಕೆ 10 ಲಕ್ಷದ ಮೇಲೆ ಸ್ವಂತ ಹಣ ಹೊರಗೆ ಕಳಿಸಿದರೆ ಬ್ಯಾಂಕು ಟಿಸಿಎಸ್, ಅಂದರೆ ಮುಂಗಡ ತೆರಿಗೆ ಹಿಡಿಯುತ್ತದೆ. ಬ್ಯಾಂಕಿನ ಶಿಕ್ಷಣ ಸಾಲದಿಂದ ಕಳಿಸಿದರೆ 2025ರ ಏಪ್ರಿಲ್‌ನಿಂದ ಅದು ಇಲ್ಲ. ಹಿಡಿದ ಹಣ ಐಟಿ ರಿಟರ್ನ್ ಹಾಕಿದರೆ ವಾಪಸ್ ಬರುತ್ತದೆ. ಯಾರ ಪ್ಯಾನ್‌ನಿಂದ ಹಣ ಹೋಯಿತೋ ಅವರೇ ರಿಟರ್ನ್ ಹಾಕಬೇಕು. ತೆರಿಗೆಯೇ ಇಲ್ಲದ ರೈತರು ಸುಮ್ನೆ ಬಿಟ್ಟುಬಿಡುತ್ತಾರೆ, ಬಿಡಬೇಡಿ. ಕಳಿಸಿದ ದಿನ ಬ್ಯಾಂಕಿನಿಂದ ಸ್ವಿಫ್ಟ್ ರಸೀದಿ, ಅಂದರೆ ಹಣ ಹೊರದೇಶಕ್ಕೆ ಹೋದದ್ದಕ್ಕೆ ಪುರಾವೆ, ಕೇಳಿ ತೆಗೆದುಕೊಳ್ಳಿ. ಅದರ ಒಂದು ಪ್ರತಿ ವೀಸಾ ಫೈಲಿನಲ್ಲಿ ಇರಲಿ, ಇನ್ನೊಂದು ಮನೆಯಲ್ಲಿ.